ಚಳಿಗಾಲದಲ್ಲಿ ಬಿತ್ತದೆ ಬರುವ ಆಹಾರಗಳು: ಸೊಪ್ಪು, ಹಣ್ಣು, ಗೆಣಸು

ಉತ್ತು ಬಿತ್ತಿ ಬೆಳೆದ ಧಾನ್ಯವು ಕಣದಿಂದ ಮನೆಗೆ ಸೇರುವ ಮಾರ್ಗಶಿರ, ಪುಷ್ಯ ಮಾಸಗಳಲ್ಲಿಯೇ ಯಾರೂ ಬಿತ್ತದ ಮತ್ತೊಂದು ಫಸಲೂ ಕೈಗೆ ಬರುವುದುಂಟು. ಹೊಲದ ಬದುಗಳಲ್ಲಿಯೂ ಕೆರೆಯ ಅಂಚಿನಲ್ಲಿಯೂ ಸೊಪ್ಪು, ಬೇಲಿ ಗೋಮಾಳಗಳಲ್ಲಿ ಹಣ್ಣು, ಕಾಡಿನಲ್ಲಿ ಗೆಣಸು, ಹೀಗೆ ಅದು ಮೂರು ಬಗೆಯಾಗಿರುವುದು. ಜಮೀನುಳ್ಳವರಿಗೆ ಇವು ಊಟದ ರುಚಿಯನ್ನು ಹೆಚ್ಚಿಸುವ ಪದಾರ್ಥಗಳು. ಕೂಲಿಯಿಂದ ಜೀವಿಸುವ ಕುಟುಂಬಗಳಿಗಾದರೋ ದುಡ್ಡು ಕೊಡದೆ ದೊರೆಯುವ ಪುಷ್ಟಿಕರವಾದ ಆಹಾರವೆಂದರೆ ಬಹುಮಟ್ಟಿಗೆ ಇವೇ. ಈ ಫಸಲಿಗೆ ಬೀಜವೂ ಗೊಬ್ಬರವೂ ಬೇಡ; ಆದರೆ ಕಾವಲು ಬೇಕು. ಇದು ಬೆಳೆಯುವ ನೆಲವು ಹೆಚ್ಚಾಗಿ ಜಮೀನುದಾರರ ಅಥವಾ ಗ್ರಾಮದ ಅಧೀನದಲ್ಲಿರುವುದರಿಂದ, ಇದರ ಉಳಿವೂ ಅಳಿವೂ ಅವರ ವಿವೇಚನೆಯನ್ನೇ ಅವಲಂಬಿಸಿರುತ್ತವೆ.

ಸೊಪ್ಪುಗಳು

ದಕ್ಷಿಣದ ರಾಗಿಯ ಸೀಮೆಯಲ್ಲಿ ತೇವವಿರುವ ಹೊಲ ತೋಟಗಳಲ್ಲಿ ಕೀರೆ, ಗೋಣಿ, ಗಣಿಕೆ, ಚಕ್ಕೋತ ಮೊದಲಾದ ಸೊಪ್ಪುಗಳೂ, ನೀರು ಹಿಂಜರಿದ ಕೆರೆಯ ಅಂಚಿನಲ್ಲಿಯೂ ಕಾಲುವೆಗಳ ಬದಿಯಲ್ಲಿಯೂ ಹೊನಗೊನ್ನೆ ಮತ್ತು ಒಂದೆಲಗಗಳೂ ದೊರೆಯುತ್ತವೆ. ನಾಲ್ಕಾರು ಬಗೆಯವನ್ನು ಕೂಡಿಸಿದ ಬೆರಕೆ ಸೊಪ್ಪನ್ನು ಅವರೆಕಾಳಿನೊಡನೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡುವ ಬಸ್ಸಾರಿನ ಪದ್ಧತಿಯು ಎಲ್ಲರಿಗೂ ತಿಳಿದದ್ದೇ. ರಾಗಿಯಲ್ಲಿ ಸುಣ್ಣದ ಅಂಶವು ಹೇರಳವಾಗಿದ್ದರೂ ಎ ಮತ್ತು ಸಿ ಜೀವಸತ್ವಗಳ ಕೊರತೆಯುಂಟು. ಆ ಕೊರತೆಯನ್ನು ತುಂಬಲು ಹಸಿರು ಸೊಪ್ಪು ನೆರವಾಗುವುದು.

ಉತ್ತರದ ಕಪ್ಪು ಭೂಮಿಯಲ್ಲಿ ಹಿಂಗಾರಿ ಜೋಳದ ಹೊಲಗಳಲ್ಲಿ ಹಕ್ಕರಕಿ ಸೊಪ್ಪು ಬರುವುದು. ಇದನ್ನು ತೊಳೆದು ಹಸಿಯಾಗಿಯೇ ಜೋಳದ ರೊಟ್ಟಿಯೊಡನೆ ತಿನ್ನುವುದು ವಾಡಿಕೆ. ಕಡಲೆಯು ಬಿತ್ತಿದ ಬೆಳೆಯೇ ಆದರೂ ಅದರ ಕುಡಿಯೂ ಈ ಕಾಲದ ಸೊಪ್ಪೇ ಆಗಿದೆ. ಬಿತ್ತಿದ 30ರಿಂದ 40 ದಿನಗಳೊಳಗೆ ಕುಡಿ ಚಿವುಟಿದಲ್ಲಿ ಗಿಡವು ಹೆಚ್ಚು ಕವಲೊಡೆಯುವುದರಿಂದ, ಚಿವುಟಿದವರಿಗೆ ಪಲ್ಯವೂ ಹೊಲದ ಒಡೆಯನಿಗೆ ಲಾಭವೂ ಉಂಟು.

ಇವುಗಳಲ್ಲಿ ಹಲವು ಕಳೆಗಳೇ ಎಂಬುದು ನಿಜ. ಬೆಳೆಯ ಎಳೆತನದಲ್ಲಿ ಅವುಗಳನ್ನು ತೆಗೆಯದಿದ್ದರೆ ಇಳುವರಿ ಕುಗ್ಗುವುದು. ಆದರೆ ಕೈಯಿಂದ ಕಿತ್ತ ಕಳೆಯು ಸೊಪ್ಪಾಗಬಲ್ಲುದು. ಔಷಧದಿಂದ ಕೊಂದ ಕಳೆಯು ಮನುಷ್ಯರಿಗೂ ಆಗದು, ದನಕ್ಕೂ ಆಗದು. ಹೊಲದೊಳಗೆ ಕಳೆನಾಶಕವು ಅನಿವಾರ್ಯವಾದಾಗಲೂ ಬದುಗಳಿಗೆ ಅದನ್ನು ಸಿಂಪಡಿಸಬೇಕಾದ ಅಗತ್ಯವು ಸಾಮಾನ್ಯವಾಗಿ ಇರುವುದಿಲ್ಲ.

ಹಣ್ಣುಗಳು

ಚಳಿಗಾಲದ ಹಣ್ಣುಗಳಲ್ಲಿ ನೆಲ್ಲಿಗೆ ಮೊದಲ ಸ್ಥಾನವು ಸಲ್ಲುವುದು. ಸಿ ಜೀವಸತ್ವವು ಇದರಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. 1939-40ರಲ್ಲಿ ಅಂದಿನ ಪಂಜಾಬಿನ ಹಿಸಾರ್ ಜಿಲ್ಲೆಯಲ್ಲಿ ಕ್ಷಾಮವುಂಟಾಗಿ, ಒಸಡಿನಿಂದ ರಕ್ತ ಸುರಿಯುವ ಸ್ಕರ್ವಿ ರೋಗವು ಹಬ್ಬಿದಾಗ ನೆಲ್ಲಿಯನ್ನೇ ಔಷಧವಾಗಿ ಕೊಟ್ಟು ಗುಣ ಕಂಡರು. ಸೊಪ್ಪಿನ ಊಟದೊಡನೆ ನೆಲ್ಲಿಯನ್ನು ಸೇವಿಸಿದರೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚಾಗಿ ಹತ್ತುವುದು. ಉಪ್ಪುನೀರಿನಲ್ಲಿ ಇಟ್ಟ ಕಾಯಿಯೂ ಒಣಗಿಸಿದ ನೆಲ್ಲಿಚಟ್ಟೂ ಬೇಸಗೆಗೆ ಒದಗುವುವು.

ಉತ್ಥಾನ ದ್ವಾದಶಿಯಂದು ತುಳಸಿಯ ಬಳಿ ನೆಡಲು ಕಾಯಿಸಹಿತವಾದ ನೆಲ್ಲಿಯ ಕೊಂಬೆಯನ್ನು ತರುವ ಸಂಪ್ರದಾಯವುಂಟು. ಪೂಜೆಗೆ ಗೇಣುದ್ದದ ರೆಂಬೆ ಸಾಕು. ಮಾರಾಟಕ್ಕೆಂದು ದೊಡ್ಡ ಕೊಂಬೆಗಳನ್ನೇ ಕಡಿದರೆ ಮರವು ಮುಂದಿನ ಫಲವನ್ನು ಕಳೆದುಕೊಳ್ಳುವುದು. ಬಿಳಿಗಿರಿರಂಗನ ಬೆಟ್ಟದ ನೆಲ್ಲಿ ಮರಗಳಿಗೆ ಬದನಿಕೆಯೂ ದೊಡ್ಡ ಪೀಡೆಯಾಗಿದೆ. ಕಾಯಿಗಾಗಿ ಮರವನ್ನು ಹತ್ತಿದವರು ಅದು ಹಿಡಿದ ಸಣ್ಣ ರೆಂಬೆಯನ್ನು ಕತ್ತರಿಸಿ ಹಾಕಿದರೆ ಮರವು ಉಳಿಯುವುದು.

ಎಲಚಿಯು, ಅಂದರೆ ಬೋರೆಹಣ್ಣು, ಸಂಕ್ರಾಂತಿಯ ವೇಳೆಗೆ ಹಣ್ಣಾಗುವುದು; ಆ ಹಬ್ಬದಲ್ಲಿ ಮಕ್ಕಳ ತಲೆಯ ಮೇಲೆ ಎರೆಯುವ ಹಣ್ಣೂ ಇದೇ. ಮಳೆಯಿಲ್ಲದ ಕಲ್ಲುಭೂಮಿಯಲ್ಲಿಯೂ ಇದು ಕಾಯುವುದು. ಬೇಲದ ಹಣ್ಣನ್ನು ಮೊಳದೆತ್ತರದಿಂದ ಕೆಡವಿದಾಗ ಪುಟಿದರೆ ಕಾಯಿ, ಪುಟಿಯದಿದ್ದರೆ ಹಣ್ಣು ಎಂದು ತಿಳಿಯತಕ್ಕದ್ದು. ಅದರ ತಿರುಳನ್ನು ಬೆಲ್ಲದೊಡನೆ ಕಲಸಿ ತಿನ್ನುವರು.

ಗೆಣಸುಗಳು

ಕಾಡುಗೆಣಸಿನ ಬಳ್ಳಿಯು ಮಳೆಗಾಲದಲ್ಲಿ ಹಬ್ಬಿ, ಚಳಿಗಾಲದಲ್ಲಿ ಒಣಗುವುದು. ಆಗ ಗೆಡ್ಡೆಯು ಬಲಿತಿರುತ್ತದೆ. ಸೋಲಿಗರೂ ಜೇನುಕುರುಬರೂ ನೂರೆ ಮೊದಲಾದ ಗೆಣಸುಗಳನ್ನು ಅಗೆದು ಸುಟ್ಟೋ ಬೇಯಿಸಿಯೋ ತಿನ್ನುವರು. ಗೆಡ್ಡೆಯ ತಲೆಭಾಗವನ್ನು ಕುಣಿಯಲ್ಲಿಯೇ ಉಳಿಸಿ ಮಣ್ಣು ಮುಚ್ಚಿದರೆ ಮುಂದಿನ ಮಳೆಗೆ ಅದು ಮತ್ತೆ ಚಿಗುರುವುದು.

ಗೆಣಸಿನ ವಿಷಯದಲ್ಲಿ ಪ್ರಾಣಾಪಾಯವೂ ಉಂಟು. ಕಾಡಿನಲ್ಲಿ ಬೆಳೆಯುವ ಗೌರಿಹೂವಿನ ಗಿಡದ, ಅಂದರೆ ಅಗ್ನಿಶಿಖೆಯ, ಗೆಡ್ಡೆಯು ಘೋರ ವಿಷ. ಗೆಣಸೆಂದು ಭ್ರಮಿಸಿ ಅದನ್ನು ತಿಂದವರು ಸತ್ತಿರುವುದುಂಟು. ಹಸಿರಾಗಿದ್ದಾಗ ಎಲೆಯ ತುದಿಯು ಕುಡಿಬಳ್ಳಿಯಂತೆ ಸುರುಳಿಯಾಗಿರುವುದರಿಂದ ಅದನ್ನು ಗುರುತಿಸಬಹುದು. ಆದರೆ ಅಗೆಯುವ ಕಾಲಕ್ಕೆ ಎರಡು ಬಳ್ಳಿಗಳೂ ಒಣಗಿ ಎಲೆಯ ಸಾಕ್ಷ್ಯವೇ ಇಲ್ಲದಂತಾಗುವುದು. ಆದಕಾರಣ ಮಳೆಗಾಲದಲ್ಲಿ ಎಲೆಯನ್ನು ನೋಡಿ ಗುರುತು ಮಾಡಿಟ್ಟ ಬಳ್ಳಿಯ ಬುಡವನ್ನು ಮಾತ್ರ ಅಗೆಯತಕ್ಕದ್ದು. ಕಾಡುಗೆಣಸುಗಳಲ್ಲಿಯೇ ಕೆಲವು ಕಹಿಯಾಗಿಯೂ ವಿಷಯುಕ್ತವಾಗಿಯೂ ಇರುವುದರಿಂದ, ಪರಂಪರೆಯಿಂದ ಬಲ್ಲವರು ಜೊತೆಯಲ್ಲಿಲ್ಲದೆ ಇವುಗಳನ್ನು ಮುಟ್ಟಕೂಡದು.

ಎಚ್ಚರಿಕೆಗಳು

1. ನಿಸ್ಸಂದೇಹವಾಗಿ ಗುರುತು ಸಿಕ್ಕದ ಸೊಪ್ಪನ್ನಾಗಲಿ ಹಣ್ಣನ್ನಾಗಲಿ ತಿನ್ನಕೂಡದು. ದನವೋ ಹಕ್ಕಿಯೋ ತಿಂದಿತೆಂಬುದು ಪ್ರಮಾಣವಲ್ಲ.

2. ಗಣಿಕೆಯ ಹಸಿರು ಕಾಯಿ ವಿಷಕರ. ಚೆನ್ನಾಗಿ ಕಪ್ಪಾದ ಹಣ್ಣು ಮಾತ್ರ ಯೋಗ್ಯ. ಅದರ ಸೊಪ್ಪನ್ನು ಬೇಯಿಸಿ ಆ ನೀರನ್ನು ಚೆಲ್ಲತಕ್ಕದ್ದು.

3. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ಗೋಣಿ, ಚಕ್ಕೋತ ಸೊಪ್ಪುಗಳನ್ನು ವೈದ್ಯರನ್ನು ಕೇಳಿಯೇ ಉಪಯೋಗಿಸುವುದು ಲೇಸು.

4. ಪಟ್ಟಣದ ಕೊಳಚೆಯೋ ಕಾರ್ಖಾನೆಯ ನೀರೋ ಸೇರುವ ಕೆರೆಯ ಸೊಪ್ಪು ಸರ್ವಥಾ ಕೂಡದು. ಅದರಲ್ಲಿ ಸೇರಿರಬಹುದಾದ ಸೀಸ ಮೊದಲಾದ ಲೋಹಗಳು ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ.

ಗ್ರಾಮ ಪ್ರಮುಖರ ಕರ್ತವ್ಯ

1. ಔಷಧವನ್ನು ಸಿಂಪಡಿಸಿದ ಹೊಲದ ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯ ಗುರುತನ್ನು ಕಟ್ಟಿಸಿ, ಊರಿನಲ್ಲಿ ಸಾರಿಸತಕ್ಕದ್ದು. ಸೊಪ್ಪಿಗಾಗಿ ಬರುವ ಹೆಂಗಸರಿಗೆ ಇದನ್ನು ತಿಳಿಯಲು ಬೇರೆ ಮಾರ್ಗವಿಲ್ಲ.

2. ಬದುಗಳಲ್ಲಿ ಸೊಪ್ಪು ಕೊಯ್ಯಲು ಬಡವರಿಗೆ ಅವಕಾಶವಿರಲಿ. ಬೇರು ಕೀಳದೆ ಕುಡಿ ಚಿವುಟುವಂತೆಯೂ, ಅಲ್ಲಲ್ಲಿ ಕೆಲವು ಗಿಡಗಳನ್ನು ಬೀಜಕ್ಕೆ ಬಿಡುವಂತೆಯೂ ಕಟ್ಟು ಮಾಡಿದರೆ ಇಬ್ಬರಿಗೂ ಹಾನಿಯಿಲ್ಲ.

3. ಗೋಮಾಳದಲ್ಲಿರುವ ನೆಲ್ಲಿ, ಎಲಚಿ, ಬೇಲದ ಮರಗಳನ್ನು ಎಣಿಸಿ ಗ್ರಾಮ ಪಂಚಾಯಿತಿಯಲ್ಲಿ ದಾಖಲು ಮಾಡಿಸತಕ್ಕದ್ದು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸ್ಥಳೀಯ ಸಂಸ್ಥೆಗಳು ರಚಿಸಬೇಕಾದ ಸಮಿತಿಯು ಇಂಥ ಸಸ್ಯಗಳನ್ನೂ ಅವುಗಳ ಉಪಯೋಗದ ತಿಳಿವಳಿಕೆಯನ್ನೂ ಬರೆದಿಡಬಹುದು.

4. ಕಾಡಿನ ಉತ್ಪತ್ತಿಯನ್ನು ಸಂಗ್ರಹಿಸುವ ಹಕ್ಕು ಯಾರಿಗುಂಟೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ಅರ್ಹರಾದ ವನವಾಸಿಗಳಿಗೆ 2006ರ ಅರಣ್ಯ ಹಕ್ಕು ಕಾಯಿದೆಯು ಆ ಹಕ್ಕನ್ನು ಮನ್ನಿಸಿದ್ದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಾಮೂಹಿಕ ಹಕ್ಕುಪತ್ರಗಳು ದೊರೆತಿವೆ. ಇತರರು ಅಪ್ಪಣೆಯಿಲ್ಲದೆ ರಕ್ಷಿತ ಅರಣ್ಯವನ್ನು ಪ್ರವೇಶಿಸುವುದು ಅಪರಾಧ.

5. ಗುರುತು ಬಲ್ಲ ವೃದ್ಧೆಯರನ್ನು ಶಾಲೆಗೆ ಕರೆಯಿಸಿ, ಮಕ್ಕಳಿಗೆ ತಿನ್ನುವ ಗಿಡವನ್ನೂ ವಿಷದ ಗಿಡವನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಏರ್ಪಾಡು ಮಾಡಬೇಕು.

ಬಿತ್ತಿದ ಬೆಳೆಯು ಒಂದು ವರ್ಷ ಕೆಟ್ಟರೆ ಮರುವರ್ಷ ಬೀಜ ತಂದು ಬಿತ್ತಬಹುದು. ಬಿತ್ತದೆ ಬರುವ ಈ ಫಸಲಾದರೋ, ಬದು ಬರಿದಾಗಿ ಗುರುತು ಬಲ್ಲವರೂ ಇಲ್ಲವಾದ ಮೇಲೆ ಯಾವ ಅಂಗಡಿಯಲ್ಲಿಯೂ ದೊರೆಯದು. ಈ ಚಳಿಗಾಲದಲ್ಲಿಯೇ ಪ್ರತಿಯೊಬ್ಬ ಜಮೀನುದಾರನೂ ತನ್ನ ಒಂದು ಬದುವನ್ನಾದರೂ ಔಷಧವಿಲ್ಲದೆ ಬಿಟ್ಟು ನೋಡುವುದು ಉಚಿತ.