ಗುಜರಿಗೆ ಹೋಗುವ ಮುನ್ನ ಕೇಳಿ ಪಡೆಯಿರಿ

ಹಳೆಯ ಕಂಪ್ಯೂಟರ್‌ಗಳನ್ನು ಪಡೆಯುವುದು, ದುರಸ್ತಿ ಮಾಡಿ ಬಳಸುವುದು, ಬೇರೆಯವರಿಗೆ ಕೊಡುವುದು ಹೇಗೆಂದು ಹಲವರು ಬರೆದಿದ್ದೀರಿ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಮೂವರು ಕೂರುತ್ತೇವೆ. ಬೆಂಗಳೂರಿನ ಐಟಿ ಕಂಪನಿಗಳು ಹಳೆಯ ಕಂಪ್ಯೂಟರ್‌ಗಳನ್ನು ಎಸೆಯುತ್ತವೆ ಎಂದು ಕೇಳಿದ್ದೇನೆ. ಹೋಗಿ ಕೇಳಿದರೆ ಕೊಡುತ್ತಾರಾ ಸರ್?
— ವಿದ್ಯಾರ್ಥಿ, ಹರಿಹರ

ಉತ್ತರ: ದೊಡ್ಡ ಕಂಪನಿಯ ಗೇಟಿನಲ್ಲಿ ಕೇಳಿದರೆ ಸಿಗುವುದು ಕಷ್ಟ. ಅದು ಜಿಪುಣತನವಲ್ಲ. ಅಲ್ಲಿನ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಬಾಡಿಗೆ ಕರಾರಿನ ಮೇಲೆ ತಂದವು. ಅವಧಿ ಮುಗಿದ ಮೇಲೆ ಕೊಟ್ಟವರಿಗೇ ಹಿಂತಿರುಗಬೇಕು. ಸ್ವಂತದ್ದಾದರೂ ಒಮ್ಮೆ ‘ತ್ಯಾಜ್ಯ’ ಎಂದು ಬರೆದುಬಿಟ್ಟರೆ ಕಾನೂನು ಅಡ್ಡ ಬರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, 1,000ಕ್ಕೆ ಕಡಿಮೆಯಿಲ್ಲದಷ್ಟು ವಿದ್ಯುತ್, ಎಲೆಕ್ಟ್ರಾನಿಕ್ ಉಪಕರಣ ಬಳಸುವ ಸಂಸ್ಥೆ ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ದುರಸ್ತಿದಾರರು ಅಥವಾ ಮರುಸಂಸ್ಕರಣ ಘಟಕಗಳಿಗೆ ಮಾತ್ರ ಕೊಡಬೇಕು. ನಿಮ್ಮ ಕೈಗೆ ಕೊಡುವಂತಿಲ್ಲ. ಸರ್ಕಾರಿ ಕಚೇರಿಗಳಲ್ಲೂ ಹೀಗೆಯೇ. ಅಲ್ಲಿ ನಿರುಪಯುಕ್ತವೆಂದು ಘೋಷಿಸಿ ಹರಾಜು ಹಾಕುತ್ತಾರೆ. ಅಧಿಕಾರಿ ಇಷ್ಟಪಟ್ಟರೂ ಎತ್ತಿ ಕೊಡಲಾರರು.

ಹಾಗಾಗಿ ಯಂತ್ರ ಇನ್ನೂ ಮೇಜಿನ ಮೇಲೆ ಓಡುತ್ತಿರುವಾಗಲೇ ಕೇಳಬೇಕು, ಸ್ಟೋರ್ ರೂಮು ಸೇರಿದ ಮೇಲಲ್ಲ. ಕೇಳಬೇಕಾದದ್ದು ಸಣ್ಣ ಕಚೇರಿಗಳಲ್ಲಿ: ಆಡಿಟರ್ ಆಫೀಸು, ವಕೀಲರ ಕಚೇರಿ, ನರ್ಸಿಂಗ್ ಹೋಮು, ಪ್ರಿಂಟಿಂಗ್ ಪ್ರೆಸ್ಸು, ಡಿಟಿಪಿ ಸೆಂಟರು. ಇಲ್ಲಿ ಮಾಲೀಕರೇ ನಿರ್ಧರಿಸುತ್ತಾರೆ, ಹತ್ತು ಸಹಿ ಬೇಕಾಗುವುದಿಲ್ಲ. ಯಾರು ಯಾವಾಗ ಹೊಸದು ತರುತ್ತಾರೆಂಬ ಸುದ್ದಿ ನಿಮ್ಮೂರಿನ ಹಾರ್ಡ್‌ವೇರ್ ಸರ್ವಿಸ್ ಮಾಡುವವರಿಗೆ ಮೊದಲು ಗೊತ್ತಿರುತ್ತದೆ. ಅವರ ಪರಿಚಯ ಮಾಡಿಕೊಳ್ಳಿ. ರಜೆಯಲ್ಲಿ ಅವರ ಅಂಗಡಿಯಲ್ಲಿ ಕೂತು ಸ್ಕ್ರೂ ಬಿಚ್ಚುವ ಕೆಲಸ ಮಾಡಿಕೊಟ್ಟರೆ ವಿದ್ಯೆಯೂ ಬರುತ್ತದೆ, ಯಂತ್ರವೂ ಸಿಗಬಹುದು.

ಈಗ ಕಾಲವೂ ಅನುಕೂಲವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಬಹುಪಾಲು ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಚೆನ್ನಾಗಿ ಓಡುವ ಐ3, ಐ5 ಯಂತ್ರಗಳು ಈ ಒಂದೇ ಕಾರಣಕ್ಕೆ ಮೂಲೆ ಸೇರುತ್ತಿವೆ. ನಾಲ್ಕರಿಂದ ಏಳನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಜಾವಾ, ಪೈಥಾನ್, ಡೇಟಾಬೇಸ್ ಕಲಿಯಲು ಧಾರಾಳವಾಯಿತು. ಎಸ್‌ಎಸ್‌ಡಿ ಮಾತ್ರ ಹೊಸದು ಕೊಳ್ಳಿ. ಹಳೆಯ ಹಾರ್ಡ್‌ಡಿಸ್ಕ್‌ನ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಖರ್ಚು ಬೇರೆ ಇಲ್ಲ.

ಕೇಳುವಾಗ ಅರ್ಧ ಪುಟದ ಪತ್ರ ಬರೆಯಿರಿ. ಯಾವ ಕಾಲೇಜು, ಏನು ಕಲಿಯುತ್ತಿದ್ದೀರಿ, ಎಂಥ ಯಂತ್ರ ಸಾಕು, ಹಾರ್ಡ್‌ಡಿಸ್ಕ್ ಅವರೇ ತೆಗೆದಿಟ್ಟುಕೊಳ್ಳಲು ನಿಮ್ಮ ಅಭ್ಯಂತರವಿಲ್ಲ ಎಂಬುದೆಲ್ಲ ಅದರಲ್ಲಿರಲಿ. ಈ ಕೊನೆಯ ಮಾತು ಬಹಳ ಮುಖ್ಯ. ಕೊಡಲು ಹಿಂಜರಿಯುವವರಿಗೆ ಯಂತ್ರ ಹೋಗುತ್ತದೆಂಬ ಬೇಸರವಿರುವುದಿಲ್ಲ, ಅದರೊಳಗಿನ ಲೆಕ್ಕಪತ್ರ ಹೊರಗೆ ಹೋದೀತೆಂಬ ಭಯವಿರುತ್ತದೆ.

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಕಂಪನಿಯ ಹತ್ತು ಹಳೆಯ ಕಂಪ್ಯೂಟರ್ ಕೊಡಿಸುತ್ತೇನೆ, ಶನಿವಾರ ಟೆಂಪೋ ಕಳಿಸಿ ಎಂದಿದ್ದಾರೆ. ಮಕ್ಕಳಿಗೆ ಹೇಳಿಯೂ ಬಿಟ್ಟಿದ್ದೇವೆ. ನಾವು ಏನೇನು ನೋಡಿಕೊಳ್ಳಬೇಕು?
— ಶಿಕ್ಷಕಿ, ಅರಸೀಕೆರೆ ತಾಲ್ಲೂಕು

ಉತ್ತರ: ಮೇಡಂ, ಟೆಂಪೋ ಕಳಿಸುವ ಮೊದಲು ಪಟ್ಟಿ ತರಿಸಿಕೊಳ್ಳಿ. ಪ್ರತಿ ಯಂತ್ರದ ಮಾದರಿ, ಪ್ರೊಸೆಸರ್, ರ್‍ಯಾಮ್, ಈಗ ಆನ್ ಆಗುತ್ತದೆಯೇ ಇಲ್ಲವೇ, ಇಷ್ಟು ಸಾಕು. ದಾನದ ಹೆಸರಿನಲ್ಲಿ ಶಾಲೆಯ ಕೋಣೆಯೊಂದು ಗುಜರಿ ಗೋದಾಮಾಗುವುದು ನನಗೆ ಅತ್ಯಂತ ನೋವಿನ ವಿಷಯ. ಹಾಗೆ ಬಂದದ್ದನ್ನು ಆಮೇಲೆ ಹೊರಹಾಕಲೂ ಆಗುವುದಿಲ್ಲ, ದಾಸ್ತಾನು ವಹಿಯಲ್ಲಿ ಕೂತುಬಿಟ್ಟಿರುತ್ತದೆ.

ಸಾಧ್ಯವಾದರೆ ಹತ್ತೂ ಒಂದೇ ಮಾದರಿಯವಾಗಿರಲಿ. ಆಗ ಏಳು ಓಡುತ್ತಿದ್ದು ಮೂರು ಕೆಟ್ಟಿದ್ದರೂ ತನ್ನಿ. ಆ ಮೂರರ ರ್‍ಯಾಮ್, ಫ್ಯಾನ್, ಎಸ್‌ಎಂಪಿಎಸ್ (ಕರೆಂಟು ಪೂರೈಸುವ ಡಬ್ಬಿ) ಉಳಿದ ಏಳನ್ನು ಹಲವು ವರ್ಷ ಕಾಪಾಡುತ್ತವೆ. ಹತ್ತೂ ಹತ್ತು ಬಗೆಯವಾದರೆ ಓಡುವಂಥವನ್ನು ಮಾತ್ರ ತನ್ನಿ. ಡಿಡಿಆರ್3 ರ್‍ಯಾಮ್ ಡಿಡಿಆರ್4ರ ಜಾಗದಲ್ಲಿ ಕೂರುವುದಿಲ್ಲ, ಲ್ಯಾಪ್‌ಟಾಪಿನದು ಡೆಸ್ಕ್‌ಟಾಪಿಗೆ ಬರುವುದಿಲ್ಲ. ದಪ್ಪನೆಯ ಹಳೇ ಗಾಜಿನ ಮಾನಿಟರ್ ಪುಕ್ಕಟೆ ಎಂದರೂ ಬೇಡವೆನ್ನಿ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಕರೆಂಟೂ ಹೆಚ್ಚು ತಿನ್ನುತ್ತದೆ.

ಕಂಪ್ಯೂಟರ್ ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಒಂದೊಂದನ್ನೂ ಆನ್ ಮಾಡಿಸಿ ಅರ್ಧ ಗಂಟೆ ಓಡಲು ಬಿಡಿ. ಬಿಸಿಯಾಗಿ ಆಫ್ ಆಗುವುದು ಗೊತ್ತಾಗುತ್ತದೆ. ಹಾರ್ಡ್‌ಡಿಸ್ಕ್‌ನ ಆರೋಗ್ಯ ಅಲ್ಲಿಯೇ ‘ಡಿಸ್ಕ್ಸ್’ ಎಂಬ ತಂತ್ರಾಂಶದಲ್ಲಿ ಕಾಣುತ್ತದೆ. ಆನ್ ಆಗದಿದ್ದನ್ನು ಕೂಡಲೇ ಕೈಬಿಡಬೇಡಿ. ರ್‍ಯಾಮ್ ತೆಗೆದು ಅದರ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಕಾಗದಪತ್ರ: ಯಂತ್ರಗಳ ಸೀರಿಯಲ್ ನಂಬರ್ ಸಮೇತ, ಯಾವ ಷರತ್ತೂ ಇಲ್ಲದೆ ಉಚಿತವಾಗಿ ಕೊಟ್ಟಿದ್ದೇವೆ ಎಂಬ ದಾನಪತ್ರ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಇರಲಿ. ಹಳೆಯ ವಿದ್ಯಾರ್ಥಿಯ ಬಾಯಿಮಾತು ಸಾಲದು, ಕಂಪನಿಯ ಅಧಿಕೃತ ಸಹಿಯೇ ಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿಯಲ್ಲಿ ದಾಖಲಿಸಿ. ಕಂಪನಿಗಳು ಹೀಗೆ ಕೊಡುವುದು ಹೊಸತಲ್ಲ. ಇನ್ಫೋಸಿಸ್ 1999ರಲ್ಲಿಯೇ ‘ಕಂಪ್ಯೂಟರ್ಸ್@ಕ್ಲಾಸ್‌ರೂಮ್ಸ್’ ಯೋಜನೆಯಡಿ ತನ್ನ ಬಳಸಿದ ಕಂಪ್ಯೂಟರ್‌ಗಳನ್ನು ಶಿಕ್ಷಣ ಸಂಸ್ಥೆಗಳಿಗೆ ಕೊಡಲು ಆರಂಭಿಸಿತ್ತು.

ಕೋಣೆಯ ಅರ್ಥಿಂಗ್ ಪರೀಕ್ಷಿಸದೆ ಒಂದು ಪ್ಲಗ್ಗನ್ನೂ ಚುಚ್ಚಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಹಳೆಯ ಕಟ್ಟಡಗಳಲ್ಲಿ ಮೂರನೆಯ ರಂಧ್ರಕ್ಕೆ ತಂತಿಯೇ ಎಳೆದಿಲ್ಲದಿರಬಹುದು, ಆಗ ಲೋಹದ ಕ್ಯಾಬಿನೆಟ್ ಮುಟ್ಟಿದ ಮಗುವಿಗೆ ಶಾಕ್ ಹೊಡೆಯುತ್ತದೆ. ಕರೆಂಟಿನ ಲೆಕ್ಕವೂ ಇರಲಿ: ಒಂದೊಂದು ಡೆಸ್ಕ್‌ಟಾಪ್ 100 ವ್ಯಾಟ್ ಎಳೆದರೂ ಹತ್ತು ಸೇರಿ ಗಂಟೆಗೆ 1 ಯೂನಿಟ್. ಲ್ಯಾಪ್‌ಟಾಪ್‌ಗಳಾದರೆ ಅದರ ಕಾಲು ಭಾಗದಷ್ಟು ಸಾಕು, ಕರೆಂಟ್ ಹೋದಾಗ ಕ್ಲಾಸೂ ನಿಲ್ಲುವುದಿಲ್ಲ.

ತಂತ್ರಾಂಶಕ್ಕೆ ಖರ್ಚು ಮಾಡಬೇಡಿ, ಕದ್ದ ವಿಂಡೋಸ್ ಅಂತೂ ಬೇಡವೇ ಬೇಡ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಹಲವು ವರ್ಷಗಳಿಂದ ಐಟಿ ಪಾಠ ನಡೆಯುತ್ತಿರುವುದು ಮುಕ್ತ ತಂತ್ರಾಂಶದ ಮೇಲೆಯೇ. ಲಿನಕ್ಸ್ ಮಿಂಟ್ ಹಾಕಿ, ಟಕ್ಸ್ ಪೇಂಟ್, ಜಿಕಾಂಪ್ರೀ, ಸ್ಕ್ರಾಚ್, ಲಿಬ್ರೆ ಆಫೀಸ್ ಸೇರಿಸಿ. ಇಂಟರ್ನೆಟ್ ಇಲ್ಲದಿದ್ದರೂ ಕಿವಿಕ್ಸ್ ಎಂಬುದರಲ್ಲಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು ಓದಬಹುದು. ಒಂದು ಪೆನ್‌ಡ್ರೈವ್‌ನಲ್ಲಿ ತಂದು ಎಲ್ಲ ಯಂತ್ರಗಳಿಗೂ ಹಾಕಿ.

ಪ್ರಶ್ನೆ: ಅಣ್ಣನ ಆಫೀಸಿನಿಂದ ಸಿಕ್ಕ ಕಂಪ್ಯೂಟರ್ ಪ್ರತಿ ಸಲ ಆನ್ ಮಾಡಿದಾಗಲೂ 2009ನೇ ಇಸವಿ ತೋರಿಸುತ್ತದೆ. ಯಾವ ವೆಬ್‌ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಎನ್ನುತ್ತದೆ. ವೈರಸ್ ಇರಬಹುದೇ?
— ಗೃಹಿಣಿ, ಗದಗ

ಉತ್ತರ: ವೈರಸ್ ಅಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ ಸಿಆರ್ 2032 ಸೆಲ್ ಇದೆ, ಅದು ಮುಗಿದಿದೆ. ವಾಚ್ ಅಂಗಡಿಯಲ್ಲೇ ಸಿಗುತ್ತದೆ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎಂದಿರುತ್ತವೆ. ನಿಮ್ಮ ಯಂತ್ರ 2009ರಲ್ಲೇ ಇರುವುದರಿಂದ ಅವೆಲ್ಲ ಇನ್ನೂ ಹುಟ್ಟೇ ಇಲ್ಲವೆಂದು ತಿಳಿಯುತ್ತದೆ. ಪ್ಲಗ್ ತೆಗೆದು, ಕೂಡಿಸುವ ಚಿಹ್ನೆ ಮೇಲೆ ಬರುವಂತೆ ಹೊಸ ಸೆಲ್ ಕೂರಿಸಿ, ಆನ್ ಆಗುವಾಗ ತೆರೆಯಬಹುದಾದ ಬಯೋಸ್ ಸೆಟ್ಟಿಂಗ್‌ನಲ್ಲಿ ದಿನಾಂಕ ಸರಿಪಡಿಸಿ.

ಪ್ರಶ್ನೆ: ನಿವೃತ್ತ ಗುಮಾಸ್ತ ನಾನು. ಮಗಳು ಬಿಟ್ಟುಹೋದ 2 ಜಿಬಿ ರ್‍ಯಾಮಿನ ಲ್ಯಾಪ್‌ಟಾಪ್ ಇದೆ. ಲಿನಕ್ಸ್ ಹಾಕಿದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ನನ್ನ ಅಭ್ಯಾಸ ವ್ಯರ್ಥವಾಗುತ್ತದೆಯೇ?
— ಓದುಗರು, ಸಾಗರ

ಉತ್ತರ: ವ್ಯರ್ಥವಾಗುವುದಿಲ್ಲ. ನುಡಿಯಲ್ಲಿ ನಿಮ್ಮ ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ‘ಕನ್ನಡ ಕಗಪ’ ಆರಿಸಿಕೊಂಡರೆ ಆಯಿತು. ಗುಬ್ಬಿ, ನವಿಲು, ಲೋಹಿತ್ ಅಕ್ಷರವಿನ್ಯಾಸಗಳು ಉಚಿತವಾಗಿ ಸಿಗುತ್ತವೆ. ಆದರೆ ಯೂನಿಕೋಡ್‌ಗೆ ಮುಂಚಿನ ಹಳೆಯ ನುಡಿ, ಬರಹ ಫೈಲುಗಳು ಅಲ್ಲಿ ಗೋಜಲಾಗಿ ಕಾಣುತ್ತವೆ. ಈಗಲೇ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ. 2 ಜಿಬಿ ಲಿನಕ್ಸ್ ಮಿಂಟ್‌ಗೆ ಕನಿಷ್ಠ ಮಿತಿ. ಬರವಣಿಗೆಗೆ ನಡೆಯುತ್ತದೆ, ಬ್ರೌಸರ್ ತೆರೆದರೆ ಏದುಸಿರು ಬಿಡುತ್ತದೆ. ಇನ್ನೊಂದು 2 ಜಿಬಿ ಸೇರಿಸಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಹಳೆಯ ರ್‍ಯಾಮ್ ಸಿಗುತ್ತದೆ. ಇರುವುದನ್ನು ಕಳಚಿ ಮಾದರಿಗೆ ಕೊಟ್ಟು ಕಳಿಸಿ. ಪ್ರೊಸೆಸರ್ 32 ಬಿಟ್‌ನದಾದರೆ ಹಣ ಹಾಕಬೇಡಿ. ಡೆಬಿಯನ್‌ನಂಥ ಹಳೆಯ ಯೋಜನೆಯೇ 2025ರ ತನ್ನ 13ನೇ ಆವೃತ್ತಿಯಲ್ಲಿ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ.

ಪ್ರಶ್ನೆ: ಸ್ನೇಹಿತ ಕೊಟ್ಟ ಲ್ಯಾಪ್‌ಟಾಪ್ ಬಯೋಸ್ ಪಾಸ್‌ವರ್ಡ್ ಕೇಳುತ್ತಿದೆ. ಮುರಿಯುವುದು ಹೇಗೆ?
— ಓದುಗರು, ತುಮಕೂರು

ಉತ್ತರ: ಮುರಿಯಬೇಡಿ. ಅದು ಯಾವುದೋ ಕಂಪನಿಯ ಲೆಕ್ಕದಲ್ಲಿ ಇನ್ನೂ ಇರುವ ಯಂತ್ರವಿರಬಹುದು. ಸ್ನೇಹಿತರಿಗೆ ಹಿಂತಿರುಗಿಸಿ, ಕಂಪನಿಯಿಂದಲೇ ಲಾಕ್ ತೆಗೆಸಿ ಬಿಡುಗಡೆ ಪತ್ರದೊಂದಿಗೆ ಕೊಡಲು ಹೇಳಿ. ಪತ್ರ ತರಲು ಆಗದಿದ್ದರೆ ಆ ಲ್ಯಾಪ್‌ಟಾಪ್ ನಿಮಗೆ ಬೇಡ.

ಪ್ರಶ್ನೆ: ಹಳೆಯ ಮದರ್‌ಬೋರ್ಡ್‌ಗಳಿಂದ ಬಂಗಾರ ತೆಗೆಯುವ ವಿಡಿಯೋ ನೋಡಿದೆ. ಮನೆಯಲ್ಲೇ ಮಾಡಬಹುದೇ? ಬೋರ್ಡುಗಳು ಪುಕ್ಕಟೆಯಾಗಿ ಸಿಗುತ್ತವೆ.
— ಯುವಕ, ಕೆಜಿಎಫ್

ಉತ್ತರ: ದಯವಿಟ್ಟು ಕೈ ಹಾಕಬೇಡಿ. ಅದಕ್ಕೆ ಬಳಸುವ ನೈಟ್ರಿಕ್ ಆಮ್ಲದಿಂದ ಏಳುವ ಕಂದು ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಕೆಲವೊಮ್ಮೆ ಅದರ ಪರಿಣಾಮ ಗಂಟೆಗಳ ನಂತರ ಕಾಣಿಸಿಕೊಂಡು ಜೀವಕ್ಕೇ ಕುತ್ತು ತರುತ್ತದೆ. ಬೆಸುಗೆಯ ಸೀಸ, ಉಳಿದ ಆಮ್ಲ ಚರಂಡಿಗೆ ಹೋಗಿ ನಿಮ್ಮ ಬೀದಿಯ ಮಣ್ಣು, ನೀರು ಸೇರುತ್ತವೆ. ತಾಮ್ರಕ್ಕೆಂದು ವೈರ್ ಸುಡುವುದೂ ಅಷ್ಟೇ ವಿಷ. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಸಂಸ್ಕರಣೆಯಾದದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದುದರಲ್ಲಿ ಒಂದು ಪಾಲು ಹೀಗೆ ಬಡವರ ಅಂಗಳದಲ್ಲಿ ಸುಟ್ಟು, ಕರಗಿ ಹೋಗುತ್ತಿದೆ. ನಮ್ಮಲ್ಲೇ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಇ-ಪರಿಸರದಂಥ ಅಧಿಕೃತ ಘಟಕವಿದೆ. ನಿಮಗೆ ಸಿಗುವ ಬೋರ್ಡುಗಳಲ್ಲಿ ಓಡುವಂಥವನ್ನು ದುರಸ್ತಿಗೆ ಬಳಸಿ, ಉಳಿದದ್ದನ್ನು ನೋಂದಾಯಿತ ಘಟಕಕ್ಕೆ ಕೊಡಿ. ದುರಸ್ತಿ ಕಲಿತರೆ ಆ ಬಂಗಾರಕ್ಕಿಂತ ಹೆಚ್ಚು ಸಂಪಾದಿಸುತ್ತೀರಿ.

ಪ್ರಶ್ನೆ: ಯಜಮಾನರು ಬಳಸುತ್ತಿದ್ದ ಲ್ಯಾಪ್‌ಟಾಪ್ ಮೂರು ವರ್ಷದಿಂದ ಅಟ್ಟದ ಮೇಲಿದೆ. ಯಾರಾದರೂ ಓದುವ ಮಕ್ಕಳಿಗೆ ಕೊಡುವ ಆಸೆ. ಅದರಲ್ಲಿ ಫೋಟೋ, ಬ್ಯಾಂಕಿನ ಕಾಗದಗಳಿವೆ. ಭಯವಾಗುತ್ತದೆ.
— ಓದುಗರು, ಮೈಸೂರು

ಉತ್ತರ: ನಿಮ್ಮ ಭಯ ಸರಿಯಾದದ್ದೇ, ತಾಯಿ. ಫೈಲ್ ಡಿಲೀಟ್ ಮಾಡಿದರೆ ಅಳಿಯುವುದಿಲ್ಲ, ಹೆಸರು ಮಾತ್ರ ಹೋಗುತ್ತದೆ. ತಿಳಿದವರು ಮತ್ತೆ ತೆಗೆಯಬಲ್ಲರು. ಮೊದಲು ತಳಭಾಗ ಮುಟ್ಟಿ ನೋಡಿ. ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ ಎಂದರ್ಥ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಅಂಗಡಿಯಲ್ಲಿ ತೆಗೆಸಿ. ಆಮೇಲೆ ಫೋಟೋಗಳನ್ನು ಎರಡು ಕಡೆ ನಕಲು ಮಾಡಿಸಿಕೊಳ್ಳಿ. ನಂತರದ ಅತ್ಯಂತ ಸರಳ ದಾರಿ, ಹಾರ್ಡ್‌ಡಿಸ್ಕನ್ನೇ ಕಳಚಿಸಿ ನಿಮ್ಮಲ್ಲೇ ಇಟ್ಟುಕೊಳ್ಳುವುದು. ಬಹುಪಾಲು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಕೆಲವೇ ಸ್ಕ್ರೂಗಳ ಕೆಲಸ, ನಿಮ್ಮ ಕಣ್ಣೆದುರೇ ಮಾಡಿಸಿ. ಪಡೆದವರು ಬೇರೆ ಎಸ್‌ಎಸ್‌ಡಿ ಹಾಕಿಸಿಕೊಳ್ಳುತ್ತಾರೆ.

ಈ ಮಾತು ಅಟ್ಟದ ಮೇಲೆ ಯಂತ್ರ ಇಟ್ಟಿರುವ ಎಲ್ಲರಿಗೂ. ಕೊಡುವ ಮನಸ್ಸಿದ್ದರೆ ಈ ವಾರವೇ ಕೊಡಿ. ಇಂದು ಒಬ್ಬ ವಿದ್ಯಾರ್ಥಿಗೆ ಆಗಿಬರುವ ಯಂತ್ರ ಇನ್ನು ನಾಲ್ಕು ವರ್ಷಕ್ಕೆ ಗುಜರಿಯವರಿಗೂ ಬೇಡವಾಗುತ್ತದೆ. ಕೊಡುವಾಗ ಚಾರ್ಜರನ್ನೂ ಹುಡುಕಿ ಜೊತೆಗೆ ಕೊಡಿ.