ಗಂಟು ಬೆಳೀತದೇನ್ರಿ ಮೇಡಂ?

ಕ್ಯಾನ್ಸರ್ ಆಸ್ಪತ್ರೆಯ ಆಪ್ತಸಮಾಲೋಚಕಿಯಾಗಿ ಕೋವಿಡ್ ಕಾಲದಲ್ಲಿ ರೋಗಿಗಳಿಂದ ಕಲಿತದ್ದನ್ನು ಬರೆದಿಡುತ್ತಿದ್ದೇನೆ. ವೈರಸ್ಸಿಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಚಿಕಿತ್ಸೆ ನಿಂತುಹೋದೀತೆಂಬ ಭಯ.

1. ತಾರೀಖು ಕೊಡಿ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಬಸ್ಸಿಲ್ಲ, ರೈಲಿಲ್ಲ. ಕೀಮೋಗೆಂದು ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದವರು ಊರಲ್ಲೇ ಉಳಿದರು. ಫೋನಿನಲ್ಲಿ ಅವರು ಕೊರೊನಾ ಬಗ್ಗೆ ಕೇಳುತ್ತಿರಲಿಲ್ಲ, "ಗಂಟು ಬೆಳೀತದೇನ್ರಿ ಮೇಡಂ?" ಎನ್ನುತ್ತಿದ್ದರು. "ಎಲ್ಲ ಸರಿಹೋದ ಮೇಲೆ ಕರೀತೀವಿ" ಅಂದರೆ ಇನ್ನಷ್ಟು ಕುಗ್ಗುತ್ತಾರೆ. "ಸೋಮವಾರ ಹತ್ತು ಗಂಟೆಗೆ ನಾನೇ ಫೋನ್ ಮಾಡ್ತೀನಿ" ಎಂದು ಹೇಳಿ, ಹೊಸ ಸುದ್ದಿ ಇಲ್ಲದಿದ್ದರೂ ಆ ಹೊತ್ತಿಗೆ ಮಾಡಬೇಕು.

2. ಜ್ವರದ ಮಾತನ್ನು ಜ್ವರ ಬರುವ ಮೊದಲೇ ಆಡಿ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ಇಳಿಯುತ್ತವೆ. ಆಗ ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ತಕ್ಷಣ ಆಸ್ಪತ್ರೆಗೆ ಬರಬೇಕು, ತಡವಾದರೆ ಜೀವಕ್ಕೇ ಅಪಾಯ. ಆದರೆ ಕೋವಿಡ್ ದಿನಗಳಲ್ಲಿ ಜ್ವರ ಎಂದರೆ ಮನೆಮುಂದೆ ಆಂಬುಲೆನ್ಸ್, ಬಾಗಿಲಿಗೆ ನೋಟಿಸು, ಕಿಟಕಿಗಳಿಂದ ಇಣುಕುವ ಬೀದಿ. ಪ್ಯಾರಾಸಿಟಮಾಲ್ ನುಂಗಿ ಸುಮ್ಮನೆ ಮಲಗಿದವರುಂಟು. ಅದನ್ನು ನಿರ್ಲಕ್ಷ್ಯ ಎನ್ನಲು ನನಗೆ ಮನಸ್ಸಿಲ್ಲ, ಅದು ಶುದ್ಧ ಭಯ. ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಗೇಟಿಗೆ ಬರಬೇಕು, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆ ಭಯ ಅರ್ಧ ಇಳಿಯುತ್ತದೆ.

3. ಮಾಸ್ಕು, ದೂರ ಕೂರುವುದು, ಪದೇಪದೇ ಕೈ ತೊಳೆಯುವುದು ಕೀಮೋ ದಿನಗಳಿಂದಲೇ ರೂಢಿಯಾದ್ದರಿಂದ ಇವರಿಗೆ ಹೊಸದಲ್ಲ. ಅದನ್ನೇ ಮತ್ತೆ ಮತ್ತೆ ಬೋಧಿಸಬೇಡಿ.

4. ಜೊತೆಗಿರುವವರನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಿ. ಆಗ ರೋಗಿಯೊಬ್ಬರಿಗೇ ಒಳಗೆ ಅವಕಾಶ ಎಂಬ ನಿಯಮ ಸೋಂಕು ತಡೆಯಲು ಬೇಕಾಗಿತ್ತು, ಒಪ್ಪುತ್ತೇನೆ. ಆದರೆ ಬಾಯಿಹುಣ್ಣಿನಿಂದ ಉಣ್ಣಲಾಗದವರಿಗೆ ಮಗಳು ಕಲಸಿಕೊಡುವ ಅನ್ನ ಒಳಗಿಳಿಯುತ್ತದೆ, ಬೇರೆಯವರು ಕೊಟ್ಟದ್ದು ಇಳಿಯುವುದಿಲ್ಲ. ವಿಡಿಯೊ ಕಾಲ್ ಅದಕ್ಕೆ ಸಮವಲ್ಲ. ಆದರೂ ಊಟದ ಹೊತ್ತಿಗೇ ಮನೆಯವರ ಕಾಲ್ ಬರುವಂತೆ ಮಾಡಿದಾಗ ಕೆಲವರು ನಾಲ್ಕು ತುತ್ತು ಹೆಚ್ಚು ಉಂಡರು.

5. ತಡವಾಗಿ ಬಂದವರನ್ನು ಗದರಬೇಡಿ. ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ 2020ರ ಮಾರ್ಚ್‌ನಿಂದ ಮೇವರೆಗೆ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷಕ್ಕಿಂತ ಶೇ. 54ರಷ್ಟು ಕುಸಿದಿತ್ತು. ಬಾರದೆ ಉಳಿದವರಲ್ಲಿ ಎಷ್ಟೋ ಮಂದಿ ಆಮೇಲೆ ಬಂದರು, ಬೆಳೆದ ಗಂಟಿನೊಂದಿಗೆ, "ನಂದೇ ತಪ್ಪು" ಎಂಬ ಕೊರಗಿನೊಂದಿಗೆ. ಅವರಿಗೆ ನಾನು ಈ ಅಂಕಿಯನ್ನೇ ಹೇಳುತ್ತೇನೆ: ತಡವಾದದ್ದು ನಿಮಗೊಬ್ಬರಿಗೇ ಅಲ್ಲ, ದಾರಿಗಳೇ ಮುಚ್ಚಿದ್ದವು. ಓಪಿಡಿಯ ಕಿರಿಯ ವೈದ್ಯರಲ್ಲಿ ನನ್ನದು ಒಂದೇ ಕೋರಿಕೆ. "ಯಾಕಿಷ್ಟು ತಡ ಮಾಡಿದ್ರಿ?" ಎಂದು ಕೇಳುವ ಬದಲು "ಬರೋದಕ್ಕೆ ಏನೇನು ಅಡ್ಡಿಯಾಯ್ತು?" ಎಂದು ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೆ ಕಾಯಿರಿ.