ಸಾಕುನಾಯಿ, ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ: ನಿರ್ಧಾರಕ್ಕೆ ಮುನ್ನ ತಿಳಿಯಬೇಕಾದ ಸಂಗತಿಗಳು

ಹೋರಿಗೆ ಬೀಜ ಒಡೆಸುವುದು ಬೇಸಾಯದ ಮನೆತನಗಳಿಗೆ ಹೊಸ ಸಂಗತಿಯೇನಲ್ಲ. ಉಳುಮೆಯ ಎತ್ತು ಸಿದ್ಧವಾಗುತ್ತಿದ್ದುದೇ ಹಾಗೆ. ಆ ಬಗೆಗೆ ಯಾರೂ ಚರ್ಚೆಗೆ ಕೂರುತ್ತಿರಲಿಲ್ಲ. ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅದೇ ಪ್ರಶ್ನೆಯು ಮನೆಯ ನಾಯಿ ಅಥವಾ ಬೆಕ್ಕಿನ ವಿಷಯದಲ್ಲಿ ಎದುರಾದಾಗ ಮನಸ್ಸು ಹಿಂಜರಿಯುತ್ತದೆ. ಹೆಣ್ಣಾದರೆ ಒಮ್ಮೆಯಾದರೂ ತಾಯಿಯಾಗಲಿ ಎನ್ನುವವರುಂಟು. ಗಂಡಿಗೆ ಈ ಶಿಕ್ಷೆ ಏತಕ್ಕೆ ಎಂದು ಕೇಳುವವರೂ ಉಂಟು. ಈ ಹಿಂಜರಿಕೆ ಸಹಜವಾದುದು. ಆದರೆ ನಿರ್ಧಾರವನ್ನು ಮುಂದೂಡುತ್ತ ಹೋದರೆ ಪ್ರಾಣಿಯ ಶರೀರವೇ ಅದನ್ನು ಕೈಗೊಂಡುಬಿಡುತ್ತದೆ.

ಹೆಣ್ಣು ನಾಯಿಯು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳ ವಯಸ್ಸಿನಲ್ಲಿ ಮೊದಲ ಸಲ ಬೆದೆಗೆ ಬರುತ್ತದೆ; ಭಾರಿ ಗಾತ್ರದ ತಳಿಗಳಲ್ಲಿ ಇದು ಒಂದೂವರೆ, ಎರಡು ವರ್ಷದವರೆಗೂ ತಡವಾಗಬಹುದು. ಅನಂತರ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆ ಮರುಕಳಿಸಿ, ಪ್ರತಿ ಸಲ ಸುಮಾರು ಮೂರು ವಾರ ಇರುತ್ತದೆ. ಗರ್ಭಾವಧಿ ಸುಮಾರು 63 ದಿನಗಳು. ಬೆಕ್ಕಿನ ವಿಷಯದಲ್ಲಿ ಕಾಲಾವಕಾಶ ಇನ್ನೂ ಕಡಿಮೆ. ನಾಲ್ಕೈದು ತಿಂಗಳ ಮರಿಯೇ ಗರ್ಭ ಧರಿಸಬಲ್ಲದು; ಈದ ಕೆಲವೇ ವಾರಗಳಲ್ಲಿ, ಮರಿಗಳಿಗೆ ಹಾಲೂಡುತ್ತಿರುವಾಗಲೇ, ಮತ್ತೆ ಗರ್ಭ ನಿಲ್ಲುವುದೂ ಉಂಟು. ಎರಡು ಕೋಣೆಗಳ ಮನೆಯಲ್ಲಿ ಆರು ಮರಿಗಳು ಹುಟ್ಟಿದರೆ ನೆಂಟರಿಷ್ಟರಲ್ಲಿ ಇಬ್ಬರೋ ಮೂವರೋ ಒಂದೊಂದನ್ನು ಒಯ್ಯುತ್ತಾರೆ. ಉಳಿದವು ಎಲ್ಲಿಗೆ ಹೋಗುತ್ತವೆ ಎಂಬುದನ್ನು ನಗರದ ಮಾರುಕಟ್ಟೆಗಳ ಹಿಂಬದಿಯ ಕಸದ ರಾಶಿಗಳೇ ಹೇಳುತ್ತವೆ. ಒಮ್ಮೆ ತಾಯಿಯಾದರೆ ನಾಯಿಯ ಆರೋಗ್ಯ ಅಥವಾ ಸ್ವಭಾವ ಉತ್ತಮಗೊಳ್ಳುತ್ತದೆ ಎಂಬ ನಂಬಿಕೆಗೆ ಯಾವ ವೈದ್ಯಕೀಯ ಆಧಾರವೂ ಇಲ್ಲ.

ಶಸ್ತ್ರಚಿಕಿತ್ಸೆಯ ಸ್ವರೂಪ

ಮನುಷ್ಯರ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯಲ್ಲಿ ನಾಳಗಳನ್ನು ಕಟ್ಟಿ ಅಥವಾ ಕತ್ತರಿಸಿ ಬಿಡಲಾಗುತ್ತದೆ. ಗ್ರಂಥಿಗಳು ಮೊದಲಿನಂತೆಯೇ ಕೆಲಸ ಮಾಡುತ್ತವೆ. ಸಾಕುಪ್ರಾಣಿಗಳಲ್ಲಿ ಸಾಮಾನ್ಯವಾಗಿ ಗ್ರಂಥಿಗಳನ್ನೇ ತೆಗೆಯಲಾಗುತ್ತದೆ. ಹೆಣ್ಣಿನಲ್ಲಿ ಎರಡು ಅಂಡಾಶಯಗಳನ್ನೂ ಬಹುಪಾಲು ಗರ್ಭಕೋಶವನ್ನೂ, ಗಂಡಿನಲ್ಲಿ ಎರಡು ವೃಷಣಗಳನ್ನೂ ಪೂರ್ಣ ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. ಆದ್ದರಿಂದ ಗರ್ಭಧಾರಣೆ ಮಾತ್ರವಲ್ಲದೆ ಬೆದೆ, ಅದರೊಡನೆ ಬರುವ ರಕ್ತಸ್ರಾವ, ಬಾಗಿಲಲ್ಲಿ ಗಂಡು ನಾಯಿಗಳ ಜಮಾವಣೆ ಎಲ್ಲವೂ ನಿಲ್ಲುತ್ತವೆ. ಇದರ ಲಾಭಗಳೂ ಕೆಲವು ಅನನುಕೂಲಗಳೂ ಈ ಒಂದೇ ಕಾರಣದಿಂದ ಹುಟ್ಟುತ್ತವೆ.

ಹೆಣ್ಣು ನಾಯಿಯ ಮಟ್ಟಿಗೆ ಅತ್ಯಂತ ಗಂಭೀರವಾದ ಸಂಗತಿಯೆಂದರೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ವೈದ್ಯರು ಇದನ್ನು ಪಯೋಮೆಟ್ರಾ ಎನ್ನುತ್ತಾರೆ. ಬೆದೆ ಮುಗಿದು ಕೆಲವು ವಾರಗಳಿಂದ ಎರಡು ತಿಂಗಳೊಳಗೆ, ಹೆಚ್ಚಾಗಿ ನಡುವಯಸ್ಸು ದಾಟಿದ ನಾಯಿಗಳಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ಸ್ವೀಡನ್ ದೇಶದಲ್ಲಿ ವಿಮೆ ಮಾಡಿಸಿದ ನಾಯಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಹತ್ತು ವರ್ಷ ತುಂಬುವಷ್ಟರಲ್ಲಿ ಹೆಣ್ಣು ನಾಯಿಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಈ ರೋಗ ತಗಲಿದ್ದುದು ಕಂಡುಬಂದಿತು. ನಾಯಿಯು ಪದೇ ಪದೇ ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ಆಹಾರ ಬಿಡುತ್ತದೆ, ವಾಂತಿ ಮಾಡುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ದುರ್ವಾಸನೆಯ ಸ್ರಾವ ಕಾಣುತ್ತದೆ. ಮುಚ್ಚಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಹೊಟ್ಟೆ ಉಬ್ಬಿ ನಂಜು ರಕ್ತಕ್ಕೇರುತ್ತದೆ. ಬಿಸಿಲಿಗೆ ಬಳಲಿದೆ, ಅಜೀರ್ಣವಾಗಿದೆ ಎಂದುಕೊಂಡು ಎರಡು ದಿನ ಕಾದ ಪಾಲಕರು ನಾಯಿಯನ್ನೇ ಕಳೆದುಕೊಂಡದ್ದುಂಟು. ಆಗ ಮಾಡಬೇಕಾದುದೂ ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನೇ. ಆದರೆ ಆರೋಗ್ಯವಂತ ಎಳೆಯ ನಾಯಿಗೆ ಬದಲಾಗಿ ನಂಜೇರಿದ ವಯಸ್ಸಾದ ನಾಯಿಗೆ ಮಾಡಬೇಕಾಗುತ್ತದೆ. ಯಾವುದರಲ್ಲಿ ಅಪಾಯ ಹೆಚ್ಚು ಎಂಬುದನ್ನು ವಿವರಿಸಬೇಕಾಗಿಲ್ಲ.

ಮೊಲೆಯ ಗಂತಿಗಳ ವಿಷಯದಲ್ಲಿ ಇಷ್ಟೇ ನಿಶ್ಚಯವಾಗಿ ಹೇಳಲಾಗದು. ಮೊದಲ ಬೆದೆಗೆ ಮುನ್ನ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಇಂತಹ ಗಂತಿ ತೀರ ವಿರಳವೆಂದು 1969ರ ಅಮೆರಿಕನ್ ಅಧ್ಯಯನವೊಂದು ತಿಳಿಸಿತು; ಬಹುಕಾಲ ಎಲ್ಲರೂ ಅದನ್ನೇ ಉದ್ಧರಿಸಿದರು. 2012ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು ಇದಕ್ಕಿರುವ ಪುರಾವೆ ದುರ್ಬಲವೆಂದು ಅಭಿಪ್ರಾಯಪಟ್ಟಿತು. ಲಾಭವಿರುವ ಸಂಭವವುಂಟು, ಆದರೆ ಅದನ್ನೊಂದನ್ನೇ ನೆಚ್ಚಿ ಅವಸರಪಡುವುದು ಸಲ್ಲದು.

ಶಸ್ತ್ರಚಿಕಿತ್ಸೆಗೆ ಅಂಜಿ, ಬೆದೆ ತಡೆಯುವ ಚುಚ್ಚುಮದ್ದು ಅಥವಾ ಮಾತ್ರೆ ಕೊಡಿಸುವ ರೂಢಿ ಕೆಲವೆಡೆ ಇದೆ. ಈ ಔಷಧಗಳು ಗರ್ಭಕೋಶದ ಕೀವಿನ ರೋಗಕ್ಕೂ ಮೊಲೆಯ ಗಂತಿಗಳಿಗೂ ದಾರಿಮಾಡಿಕೊಡಬಲ್ಲವು. ಅಗ್ಗವೆಂದು ತೋರುವ ಈ ಉಪಾಯ ಕಡೆಗೆ ದುಬಾರಿಯಾಗುತ್ತದೆ.

ಗಂಡು ನಾಯಿಯ ವಿಷಯದಲ್ಲಿ ಒತ್ತಾಯ ಇಷ್ಟಿಲ್ಲ. ವೃಷಣಗಳ ಗಂತಿ ಬರುವುದೇ ಇಲ್ಲ, ಮುಪ್ಪಿನಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು ತಪ್ಪುತ್ತದೆ. ಅಲೆದಾಟ, ಅಲ್ಲಲ್ಲಿ ಮೂತ್ರ ಸಿಂಪಡಿಸುವುದು ಕಡಿಮೆಯಾಗುತ್ತದೆ. ಭಾರತದ ಬೀದಿಗಳಲ್ಲಿ ಸಂಭೋಗದಿಂದ ಹರಡುವ ಒಂದು ಬಗೆಯ ಗಂತಿ ನಾಯಿಗಳಲ್ಲಿ ಸಾಮಾನ್ಯ. ಸರಪಳಿ ಕಳಚಿಕೊಂಡು ಓಡುವ ಗಂಡಿಗೆ ಅದು ಅಂಟುವ ಭಯವಿರುತ್ತದೆ. ಆದರೆ ಕಚ್ಚುವ ನಾಯಿಯನ್ನು ಸಾಧುವಾಗಿಸುವ ಮದ್ದೆಂದು ಇದನ್ನು ಭಾವಿಸಬಾರದು. ಅಂಜಿಕೆಯಿಂದ ಕಚ್ಚುವ ನಾಯಿಗೆ ಬೇಕಾದುದು ತಾಳ್ಮೆಯ ತರಬೇತಿ.

ಯಾವ ವಯಸ್ಸಿನಲ್ಲಿ?

ಆರು ತಿಂಗಳಿಗೆ ಮಾಡಿಸಿಬಿಡಿ ಎಂಬ ಒಂದೇ ಮಾತು ಹಿಂದೆ ಎಲ್ಲ ನಾಯಿಗಳಿಗೂ ಸಲ್ಲುತ್ತಿತ್ತು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ಗೋಲ್ಡನ್ ರಿಟ್ರೀವರ್ ತಳಿಯನ್ನು ಕುರಿತು ಪ್ರಕಟಿಸಿದ ಅಧ್ಯಯನವು ಈ ಅಭಿಪ್ರಾಯವನ್ನು ಬದಲಿಸಿತು. ವರ್ಷ ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಸೊಂಟದ ಕೀಲಿನ ದೋಷವು ಆಗದವುಗಳಿಗಿಂತ ಎರಡು ಪಟ್ಟು ಕಂಡುಬಂದಿತ್ತು. ಎಲುಬುಗಳ ಬೆಳವಣಿಗೆ ನಿಲ್ಲಲು ಈ ಗ್ರಂಥಿಗಳ ರಸವೂ ಬೇಕು. ಅದು ಬೇಗ ನಿಂತರೆ ಎಲುಬು ತುಸು ಹೆಚ್ಚು ಕಾಲ ಬೆಳೆಯುತ್ತದೆ. ಅದೇ ತಂಡವು 2020ರಲ್ಲಿ 35 ತಳಿಗಳನ್ನು ಹೋಲಿಸಿದಾಗ ಸಣ್ಣ ತಳಿಗಳಲ್ಲಿ ಕೀಲುಗಳಿಗೆ ಇಂತಹ ಹಾನಿ ಕಾಣಲಿಲ್ಲ.

ಪುಣೆಯ ಕುಟುಂಬವೊಂದರಲ್ಲಿ ಏಳು ತಿಂಗಳ ಪಾಮರೇನಿಯನ್ ಹೆಣ್ಣು ಇದೆಯೆಂದು ಭಾವಿಸೋಣ. ಲಸಿಕೆಗಳು ಮುಗಿದಿದ್ದರೆ ಕಾಯಲು ಕಾರಣವಿಲ್ಲ. ನೆರೆಮನೆಯಲ್ಲಿರುವುದು ಅದೇ ವಯಸ್ಸಿನ ಲ್ಯಾಬ್ರಡಾರ್ ಗಂಡಾದರೆ, ಸರಪಳಿಯಿಲ್ಲದೆ ಹೊರಗೆ ಬಿಡುವ ಅಭ್ಯಾಸವಿಲ್ಲದಿದ್ದರೆ, ಒಂದು ವರ್ಷ ದಾಟುವವರೆಗೆ ತಡೆಯುವುದು ಲೇಸು. ದೊಡ್ಡ ತಳಿಯ ಹೆಣ್ಣಿನ ವಿಷಯವೇ ಕಠಿಣ: ಕೀಲುಗಳ ಹಿತಕ್ಕೆ ಕಾಯಬೇಕು, ಗರ್ಭದ ಭಯಕ್ಕೆ ಕಾಯಬಾರದು. ಬೆದೆಯ ಮೂರು ವಾರ ನಾಯಿಯನ್ನು ಕಟ್ಟುನಿಟ್ಟಾಗಿ ಕಾಯಬಲ್ಲ ಮನೆಯೇ ಎಂಬುದು ಇಲ್ಲಿ ತಳಿಯಷ್ಟೇ ಮುಖ್ಯ. ಬೆಕ್ಕಿಗೆ ಈ ಗೊಂದಲವಿಲ್ಲ. ಗಂಡಾಗಲಿ ಹೆಣ್ಣಾಗಲಿ ಐದು ತಿಂಗಳು ತುಂಬುವ ಮೊದಲೇ ಮಾಡಿಸಬಹುದು. ಗಂಡು ಬೆಕ್ಕಿನ ಮೂತ್ರದ ಘಾಟು ಮನೆಯಲ್ಲಿ ನೆಲೆಗೊಳ್ಳುವ ಮೊದಲು ಮಾಡಿಸುವುದು ಮೇಲು. ಬೀದಿಯಿಂದ ದೇಸಿ ನಾಯಿಯನ್ನು ತಂದು ಸಾಕಿದವರು ಮೊದಲು ಅದರ ಕಿವಿಯನ್ನು ನೋಡಬೇಕು. ಅಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಶಸ್ತ್ರಚಿಕಿತ್ಸೆ ಈಗಾಗಲೇ ಆಗಿದೆಯೆಂದು ಅರ್ಥ.

ಬೀದಿ ನಾಯಿಗಳ ಶಸ್ತ್ರಚಿಕಿತ್ಸೆ ಸ್ಥಳೀಯ ಸಂಸ್ಥೆಗಳ ಹೊಣೆ. ಮನೆಯ ಪ್ರಾಣಿಯ ಲಸಿಕೆ, ಜಂತುನಿವಾರಣೆ, ಸಂತಾನಹರಣ ಇವು ಪಾಲಕರ ಹೊಣೆಯೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ತಿಳಿಸುತ್ತವೆ. ವೆಚ್ಚದ ಚಿಂತೆಯಿರುವವರು ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. 1886ರಲ್ಲಿ ಆರಂಭವಾದ ಮುಂಬಯಿಯ ಕಾಲೇಜು ಪರೇಲಿನಲ್ಲಿಯೂ 1903ರಲ್ಲಿ ಆರಂಭವಾದ ಚೆನ್ನೈನ ಕಾಲೇಜು ವೇಪೇರಿಯಲ್ಲಿಯೂ ಹೈದರಾಬಾದಿನದು ರಾಜೇಂದ್ರನಗರದಲ್ಲಿಯೂ ಇವೆ.

ಬೆದೆಯಲ್ಲಿರುವಾಗ ರಕ್ತಸ್ರಾವ ಹೆಚ್ಚುವುದರಿಂದ, ಬೆದೆ ಮುಗಿದು ಎರಡು ಮೂರು ತಿಂಗಳ ನಂತರ ದಿನ ಗೊತ್ತುಮಾಡುವುದು ಸರಿ. ಹೃದ್ರೋಗ ಅಥವಾ ಮೂತ್ರಪಿಂಡದ ರೋಗವಿರುವ ಮುದಿ ಪ್ರಾಣಿಗೆ ರಕ್ತಪರೀಕ್ಷೆ ಮಾಡಿಸದೆ ಅರಿವಳಿಕೆ ಕೊಡಿಸಬಾರದು. ಹಿಂದಿನ ರಾತ್ರಿಯ ಊಟದ ಬಗೆಗೆ ವೈದ್ಯರು ಹೇಳಿದುದನ್ನು ಅಕ್ಷರಶಃ ಪಾಲಿಸಬೇಕು. ಕರುಣೆಯಿಂದ ಬೆಳಗ್ಗೆ ಕೊಟ್ಟ ಒಂದು ಬಟ್ಟಲು ಹಾಲು ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸನಾಳ ಸೇರಬಹುದು. ಅನಂತರದ ಹತ್ತು ಹದಿನಾಲ್ಕು ದಿನ ಸ್ನಾನ, ಜಿಗಿತ, ಹೊಲಿಗೆ ನೆಕ್ಕುವುದು ಕೂಡದು. ಕೊರಳಪಟ್ಟಿ ಎಷ್ಟೇ ಕಿರಿಕಿರಿಯೆನಿಸಿದರೂ ತೆಗೆಯಬಾರದು.

ಆ ಬಳಿಕ ಹಸಿವು ಹೆಚ್ಚುತ್ತದೆ, ಶರೀರಕ್ಕೆ ಬೇಕಾದ ಆಹಾರ ಮಾತ್ರ ಸುಮಾರು ಕಾಲುಭಾಗ ಇಳಿಯುತ್ತದೆ. ಮೊದಲಿನಷ್ಟೇ ಅನ್ನ ಬಡಿಸಿದರೆ ನಾಯಿ ದಪ್ಪವಾಗುತ್ತದೆ. ದೂರು ಶಸ್ತ್ರಚಿಕಿತ್ಸೆಯ ಮೇಲೆ ಬರುತ್ತದೆ. ದೊಡ್ಡ ತಳಿಯ ಕೆಲವು ಹೆಣ್ಣುಗಳಲ್ಲಿ ವರ್ಷಗಳ ಮೇಲೆ ನಿದ್ದೆಯಲ್ಲಿ ಮೂತ್ರ ಸೋರುವುದುಂಟು. ಬಹುಮಟ್ಟಿಗೆ ಅದು ಔಷಧದಿಂದ ಹತೋಟಿಗೆ ಬರುತ್ತದೆ. ಗಂಡು ನಾಯಿಯಲ್ಲಿ ವೀರ್ಯ ಕೆಲವು ವಾರಗಳವರೆಗೆ ಉಳಿದಿರುತ್ತದೆ. ಮನೆಯಲ್ಲಿ ಬೆದೆಯ ಹೆಣ್ಣೂ ಇದ್ದರೆ ಕನಿಷ್ಠ ಆರು ವಾರ ಎರಡನ್ನೂ ಬೇರೆ ಬೇರೆ ಇಡತಕ್ಕದ್ದು.